ತೂಕಕ್ಕೆ ಕೊಂಡ ಕುರ್ಚಿ

ಬಂದರಿನ ಗುಜರಿಯಲ್ಲಿ ಕುರ್ಚಿಗೆ ಕುರ್ಚಿಯ ಬೆಲೆಯಿಲ್ಲ.
ಮಯ್ಯದ್ದಿ ಬ್ಯಾರಿ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದರು,
ನಾಲ್ಕು ಕಾಲೂ ಗಾಳಿಯಲ್ಲಿ, ಕೊಯ್ದು ತೂಗುಹಾಕಿದ ಆಡಿನ ಹಾಗೆ.
ಹನ್ನೊಂದು ಕಿಲೋ ಇನ್ನೂರು.
ಇನ್ನೂರು ಬಿಡಿ, ಅದು ಬರೀ ತುಕ್ಕು ಅಂದೆ.
"ತುಕ್ಕು ನಾನು ಹಾಕಿದ್ದಲ್ಲ ಅಕ್ಕಾ,
ಸಮುದ್ರದ ಹತ್ತಿರ ಕೇಳಿ."

ಫೆರಿಯಲ್ಲಿ ಅದ್ರಾಮನ ತಕರಾರು:
ನಿಂತರೆ ಸಾಮಾನು, ಕೂತರೆ ಪ್ಯಾಸೆಂಜರು,
ಇದು ಯಾವುದು ಮಾರಾಯ್ತಿ?
ಅದರ ಮೇಲೆ ಕೂತು ಅವನ ಬಾಯಿ ಮುಚ್ಚಿಸಿದೆ.
ಬೆಂಗ್ರೆಯಲ್ಲಿ ಹುಟ್ಟಿ ನಲವತ್ತಾರು ವರ್ಷ,
ಈ ಹೊಳೆ ದಾಟಿದ್ದೆಲ್ಲ ನಿಂತೇ,
ಬುಟ್ಟಿ ಕಾಲ ನಡುವೆ, ಕೈ ಸರಳಿಗೆ.
ಅವತ್ತು ಕೂತು ನೋಡಿದೆ:
ಹೊಳೆ ಒಂದು ಗೇಣು ಎತ್ತರ.
ಇಳಿಯುವಾಗ ಸೀರೆಯ ಹಿಂದೆ ಕಂದು ಅಚ್ಚು,
ಸೀಟಿನ ಕಬ್ಬಿಣದ ಹೂವು, ಎರಡು ಎಸಳು ಕಡಿಮೆ.

ನಮ್ಮದು ಎರಡು ನೀರಿನ ನಡುವಿನ ಹೊಯಿಗೆ.
ಇಲ್ಲಿ ಬೀಗಕ್ಕೆ ಎರಡು ಮಳೆಗಾಲದ ಆಯುಸ್ಸು,
ಗೇಟಿನ ತಿರುಗಣೆಗೆ ಒಂದೂವರೆ.
ಕೊಡೆಯ ಕಡ್ಡಿ, ಚೀಲದ ಜಿಪ್ಪು, ಸೇಫ್ಟಿ ಪಿನ್ನು,
ಎಲ್ಲ ಸಮುದ್ರದ ಉಪ್ಪು ತಿಂದವು.
ಉಪ್ಪು ತಿಂದವ ನೀರು ಕುಡಿಯಬೇಕಂತೆ;
ಕಬ್ಬಿಣ ಕುಡಿದದ್ದೇ ತಪ್ಪಾಯಿತು.

ತಂತಿ ಬ್ರಷ್ಷಿನ ಸದ್ದಿಗೆ ಲಚ್ಚಕ್ಕ
ಹಲ್ಲು ಕಚ್ಚಿಕೊಂಡು ಒಳಗೆ ಹೋದಳು.
ಮೂರು ಸಂಜೆ ಉಜ್ಜಿದೆ.
ಮೇಲಿನದು ಹಾಳೆ ಹಾಳೆಯಾಗಿ ಎದ್ದಿತು,
ನಂಗಿನ ತೊಗಲು ಸುಲಿದ ಹಾಗೆ.
ಒಳಗಿನದು ಹುಡಿ,
ಅರಶಿನಕ್ಕೂ ಮೆಣಸಿಗೂ ನಡುವಿನ ಬಣ್ಣ.
ಎಲ್ಲ ಪೇಪರಿಗೆ ಗುಡಿಸಿ
ಶೀನನ ಅಂಗಡಿಯಲ್ಲಿ ತೂಗಿಸಿದೆ.
ಮುನ್ನೂರ ಎಂಬತ್ತು ಗ್ರಾಂ.
ಕಿಲೋಗೆ ಮೂವತ್ತೆರಡರ ಹಾಗೆ
ಹನ್ನೆರಡು ರೂಪಾಯಿಯ ತುಕ್ಕು ಕೊಂಡಿದ್ದೆ.
ಇಷ್ಟು ಅಗ್ಗಕ್ಕೆ ಅಷ್ಟು ವರ್ಷ ಇನ್ನೆಲ್ಲಿ ಸಿಗುತ್ತದೆ?

ಸೀಟಿನ ಅಡಿಯಲ್ಲಿ, ಬ್ರಷ್ಷು ಹೋಗದ ಮೂಲೆಯಲ್ಲಿ
ಬಿಳಿ ಬಣ್ಣದ ಒಂದು ಏಳು.
ಪಕ್ಕದಲ್ಲಿ ಓರೆ ಗೆರೆ, ಆಮೇಲೆ ಹನ್ನೆರಡು.
ಎಲ್ಲಿದ್ದವೋ ಹನ್ನೆರಡು ಕುರ್ಚಿ,
ಯಾವ ಆಸ್ಪತ್ರೆಯ ಅಂಗಳವೋ, ಯಾವ ಕ್ಲಬ್ಬಿನ ಹುಲ್ಲೋ,
ಯಾರು ಏಳಕ್ಕೆ ಕಾದು ಎಂಟರಲ್ಲಿ ಕೂತರೋ.
ನನ್ನ ಕೈ ಅಲ್ಲಿ ಸ್ವಲ್ಪ ಮೆತ್ತಗಾಯಿತು.

ಜೋಕಿಂ ಬಂದು ಹಿಂದಿನ ಕಾಲಿನ ತೂತಿಗೆ
ಒಂದು ತುಂಡು ಬೆಸೆದ. ಹೇಳಿದ:
ಇವತ್ತು ಬಣ್ಣ ಮುಟ್ಟಬೇಡಿ.
ಮೊದಲು ಬಾವಿಯ ನೀರಲ್ಲಿ ಮೀಯಿಸಿ, ಎರಡು ಸಲ.
ಉಪ್ಪು ಕಣ್ಣಿಗೆ ಕಾಣುವುದಿಲ್ಲ,
ಮೇಲೆ ಬಣ್ಣ ಹೊದೆಸಿದರೆ ಒಳಗೇ ಗುಳ್ಳೆ ಏಳುತ್ತದೆ.
ಒಣಗಿದ ಕೂಡಲೇ ರೆಡ್ ಆಕ್ಸೈಡು, ಕಡಲಗಾಳಿ ಏಳುವ ಮೊದಲು.
ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷವಾದವ
ಇದನ್ನು ಕುರ್ಚಿಯ ವಿಷಯವಾಗಿಯೇ ಹೇಳಿದ.

ಕೊಡ ಕೊಡ ಸುರಿದೆ.
ಕುಡಿಯುವ ನೀರಿಗೆ ಜಗಳವಾಡುವ ಊರಲ್ಲಿ
ಕುರ್ಚಿಗೆ ಸ್ನಾನವಾ, ಅಂದಳು ಲಚ್ಚಕ್ಕ.
ಅನ್ನುತ್ತಲೇ ಅದರ ಬೆನ್ನು ತಿಕ್ಕಿದಳು.

ಈಗ ನೀಲಿ. ದೋಣಿಗೆ ಬಳಿದು ಉಳಿದ ನೀಲಿ.
ಅಡಿಯ ಏಳನ್ನು ಬಿಟ್ಟು ಎಲ್ಲ ಕಡೆ ಎರಡು ಕೋಟು.
"ಹಸಿ ಉಂಟು, ಮುಟ್ಟಬೇಡಿ"
ಎಂದು ರಟ್ಟಿನಲ್ಲಿ ಬರೆದು ತೂಗುಹಾಕಿದೆ.
ಓದಲಿಕ್ಕೆಂದೇ ಬಂದು ಶೀನ ಮುಟ್ಟಿದ,
ಶೀನನ ಮಗಳು ಮುಟ್ಟಿದಳು,
ಅದ್ರಾಮ ಫೆರಿ ಕಟ್ಟಿ ಬಂದು, ಒಂದೇ ಬೆರಳು ಅಂದ.
ಜೋಕಿಂ ಮಾತ್ರ ದೂರ ನಿಂತು
ಒಣಗಿತಾ ಎಂದು ಕೇಳಿದ.

ರಾತ್ರಿ ಟಾರ್ಚು ಹಿಡಿದರೆ
ಕೈಯಿಡುವಲ್ಲಿ ನಾಲ್ಕೈದು ಬೆರಳಚ್ಚು,
ಮೀನಿನ ಪೊರೆಯಷ್ಟು.
ಇನ್ನೊಂದು ಕೋಟಿಗೆ ಮುಚ್ಚುತ್ತಿತ್ತು,
ಡಬ್ಬಿಯಲ್ಲಿ ಬಣ್ಣವೂ ಇತ್ತು.
ಮುಚ್ಚಳ ಒತ್ತಿ ಹಾಕಿದೆ.

ಬೆಳಿಗ್ಗೆ ಮಯ್ಯದ್ದಿ ಬ್ಯಾರಿಯ ಫೋನು:
ಅಕ್ಕಾ, ಹನ್ನೊಂದು ಬಂದಿದೆ.
ಹನ್ನೊಂದು ಕಿಲೋನಾ, ಹನ್ನೊಂದನೆಯದಾ
ಎಂದು ಕೇಳುವ ಮೊದಲೇ ಫೆರಿಯ ಸಿಳ್ಳು.
ಹೋಗುವಾಗ ನಿಂತೇ ಹೋದೆ.